ಅಕ್ಕನ ಹೃದಯ, ತಂಗಿಯ ಸರ್ಕಾರ

ಮಾರ್ಚ್ 3, ಸೋಮವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಬಂದೆ ಅನ್ನುವುದಕ್ಕಿಂತ ನನ್ನನ್ನು ತಂದರು ಅನ್ನುವುದೇ ಸರಿ. ಒಂದು ಕಡೆ ಕಾರಿನ ಡ್ರೈವರು, ಇನ್ನೊಂದು ಕಡೆ ತಂಗಿ. ಗಾಜಿನ ಬೀರು ಸಾಗಿಸುವವರ ಹಾಗೆ "ನಿಧಾನ, ನಿಧಾನ, ಮೂಲೆ ತಾಗುತ್ತೆ" ಅನ್ನುತ್ತಾ ಮೆಟ್ಟಿಲು ಹತ್ತಿಸಿದರು. ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಬಾಗಿಲು ಅರ್ಧ ತೆರೆದೇ ಇತ್ತು, ಆದರೆ ಇಣುಕಲೂ ಬಿಡಲಿಲ್ಲ.

ನಡೆದದ್ದಿಷ್ಟು. ವಕೀಲರೊಬ್ಬರ ಕೋಟಿಗೆ ತೋಳು ಕೂಡಿಸುತ್ತಿದ್ದೆ. ಎದೆಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಯಿತು. ತೋಳು ಮುಗಿಸಿಯೇ ಏಳೋಣ ಅಂದುಕೊಂಡೆ. ತೋಳು ಮುಗಿಯಲಿಲ್ಲ, ನಾನೇ ಮುಗಿಯುವುದರಲ್ಲಿದ್ದೆ. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತಂತೆ. ಅದರೊಳಗೆ ಬಾಲ್‌ಪೆನ್ನಿನ ಸ್ಪ್ರಿಂಗಿನಂಥ ಪುಟ್ಟ ಸ್ಟೆಂಟ್ ಸೇರಿಸಿ ದಾರಿ ಬಿಡಿಸಿದ್ದಾರೆ. ಊರಿನವರ ಕೋಟುಗಳಿಗೆಲ್ಲ ಲೈನಿಂಗ್ ಹಾಕಿದವಳಿಗೆ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಒಳಗೊಂದು ಲೈನಿಂಗ್ ಬಿತ್ತು.

ಇನ್ನು ತಂಗಿ. ನನಗಿಂತ ಎರಡು ವರ್ಷ ಚಿಕ್ಕವಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತಿಯಾದವಳು. ಇಬ್ಬರ ಗಂಡಂದಿರೂ ಹೋದ ಮೇಲೆ ಒಂದೇ ಮನೆಗೆ ಸೇರಿಕೊಂಡೆವು. ಇವತ್ತಿನಿಂದ ಅವಳೇ ಸರ್ಕಾರ. ಉಪ್ಪು ಇಲ್ಲ, ಬೆಣ್ಣೆ ಇಲ್ಲ, ಮೆಟ್ಟಿಲು ಇಲ್ಲ, ಅಂಗಡಿ ಇಲ್ಲ. "ಇನ್ನೇನಿದೆ?" ಅಂತ ಕೇಳಿದೆ. "ನಾನಿದ್ದೀನಲ್ಲ" ಅಂದಳು.

ಮಂಚ ಯಾಕೋ ಗಟ್ಟಿ ಅನಿಸುತ್ತಿದೆ. ಕುರ್ಚಿಯಲ್ಲೇ ಒರಗಿಕೊಂಡು ಮಲಗುತ್ತೇನೆ.

ಮಾರ್ಚ್ 5, ಬುಧವಾರ

ಜಯ! ಕೆಳಗೆ ನನ್ನ ಅಂಗಡಿಯಲ್ಲಿ ಕಾಜ ತೆಗೆದು ಗುಂಡಿ ಹಚ್ಚುವ ಹೆಂಗಸಿದ್ದಾಳೆ. ಐವತ್ತು ದಾಟಿದವಳು, ಎಲ್ಲರೂ ಕಾಜಮ್ಮ ಅನ್ನುತ್ತಾರೆ. ನಾನು ನೋಡಲೇಬೇಕಾದ ಕೋಟೊಂದಿದೆಯೆಂದು ಮೇಲೆ ತಂದಳು. ಒಳಜೇಬಿನಲ್ಲಿ ಬೆಣ್ಣೆ ಬಿಸ್ಕತ್ತು. ಸರ್ಕಾರದ ಕಣ್ಣೆದುರಿಗೇ ಜೇಬಿಗೆ ಕೈ ಹಾಕಿ "ಒಳಹೊಲಿಗೆ ಸ್ವಲ್ಪ ಸಡಿಲ" ಅಂದೆ.

"ಹೊಲಿಗೆ ನೋಡೋಕೆ ಬಾಯಿ ಯಾಕೆ ಆಡ್ತಿದೆ?" ಅಂದಳು ತಂಗಿ.

ಬಿಸ್ಕತ್ತು ಜಪ್ತಿಯಾಯಿತು. ಕಾಜಮ್ಮನಿಗೆ ಎಚ್ಚರಿಕೆ ಕೊಟ್ಟು ಕಳಿಸಲಾಯಿತು. ಆದರೆ ಎರಡು ಒಳಗೆ ಇಳಿದಾಗಿತ್ತು.

ಮಾರ್ಚ್ 10, ಸೋಮವಾರ

ಸ್ನಾನದ ಮನೆಯ ಚಿಲಕ ಹಾಕಬಾರದೆಂದು ಹೊಸ ಆಜ್ಞೆ. ನಾನು ವಿರೋಧಿಸಲಿಲ್ಲ. ಚಿಲಕ ತುಕ್ಕು ಹಿಡಿದು ಹೇಗೂ ಸರಿಯಾಗಿ ಬೀಳುವುದಿಲ್ಲ.

ಸ್ನಾನ ಮಾಡುತ್ತಾ ಹಾಡುವ ಅಭ್ಯಾಸ ಹೊಸದಾಗಿ ಹತ್ತಿದೆ. ಮೊದಲ ತಂಬಿಗೆಯಿಂದ ಕೊನೆಯ ತಂಬಿಗೆಯವರೆಗೂ ಬಿಡದೆ ಹಾಡುತ್ತೇನೆ. ಉಸಿರು ತೆಗೆದುಕೊಳ್ಳಲು ಒಂದು ಗಳಿಗೆ ನಿಲ್ಲಿಸಿದರೆ ಸಾಕು, ಬಾಗಿಲಾಚೆಯಿಂದ "ಅಕ್ಕಾ!" ಅಂತ ಕೂಗು ಬರುತ್ತದೆ. ಇಡೀ ಬದುಕಿನಲ್ಲಿ ನನ್ನ ಹಾಡಿಗೆ ಇಷ್ಟು ಆಸೆಯಿಂದ ಯಾರೂ ಕಿವಿಗೊಟ್ಟಿರಲಿಲ್ಲ.

ಮಂಚ ಇನ್ನೂ ಗಟ್ಟಿಯೇ. ಹಾಸಿಗೆ ಬದಲಾಯಿಸಿದರೂ ಗಟ್ಟಿ.

ಮಾರ್ಚ್ 18, ಮಂಗಳವಾರ

ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಅಂಗಡಿಯ ಬಾಗಿಲಿಗೆ ಇಳಿಬಿಟ್ಟೆ. ಕಾಜಮ್ಮ ಬಟ್ಟೆ ತುಂಬುವುದು, ನಾನು ಎಳೆದುಕೊಳ್ಳುವುದು. ಬೆಳಿಗ್ಗೆಯೆಲ್ಲ ವ್ಯಾಪಾರ ಚೆನ್ನಾಗಿ ನಡೆಯಿತು. ಮಧ್ಯಾಹ್ನ ಎಳೆದ ಬುಟ್ಟಿ ಭಾರವಾಗಿತ್ತು. ಮೇಲೆ ಬಂದಾಗ ನೋಡಿದರೆ ಬಟ್ಟೆಯಿಲ್ಲ, ಒಂದು ಇಟ್ಟಿಗೆ. ಬಗ್ಗಿ ನೋಡಿದೆ. ಬೀದಿಯಲ್ಲಿ ಸರ್ಕಾರ ಸೊಂಟದ ಮೇಲೆ ಕೈಯಿಟ್ಟು ನಿಂತಿತ್ತು.

"ಭಾರ ಎತ್ತಬಾರ್ದು ಅಂತ ಡಾಕ್ಟ್ರು ಹೇಳಿದ್ದು ನೆನಪಿಗೆ ಬರ್ಲಿ ಅಂತ ಇಟ್ಟೆ. ನಿನಗೆ ಬಟ್ಟೆ ಬೇಕೇ ಬೇಕು ಅಂದ್ರೆ ನಾನೇ ತಂದುಕೊಡ್ತೀನಿ."

ಅಂದ ಹಾಗೆಯೇ ತಂದುಕೊಟ್ಟಳು. ನಾನೂ ಬಿಡಲಿಲ್ಲ. ನೀಲಿ ದಾರ ಬೇಕು ಅಂದೆ, ತಂದಳು. ಇದಲ್ಲ, ಕಡುನೀಲಿ ಅಂದೆ, ಮತ್ತೆ ಹೋದಳು. ಮೂತಿ ಉಬ್ಬಿಸಿಕೊಂಡು ಹತ್ತಿ ಇಳಿಯುವುದನ್ನು ನೋಡಿ ಒಳಗೊಳಗೇ ಖುಷಿಪಟ್ಟೆ.

ಚಾಕ್ ಬೇಕೆಂದು ಕೂಗಲು ಮೆಟ್ಟಿಲ ತಲೆಗೆ ಬಂದೆ. ತಂಗಿ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಳು. ಕಂಬಿ ಹಿಡಿದುಕೊಂಡು, ತೂಗುಹಾಕಿದ ಚಿತ್ರ ನೋಡುವವಳ ಹಾಗೆ ಗೋಡೆಯನ್ನೇ ನೋಡುತ್ತಿದ್ದಳು. ಅಲ್ಲಿ ಚಿತ್ರ ಇಲ್ಲ. ಬರೀ ಸುಣ್ಣದ ಗೋಡೆ. ತುಂಬ ಹೊತ್ತು ನೋಡಿದಳು.

ಚಾಕ್ ಕೇಳಲಿಲ್ಲ.

ಮಾರ್ಚ್ 27, ಗುರುವಾರ

ಹಗ್ಗವನ್ನೂ ಬುಟ್ಟಿಯನ್ನೂ ಕಾಜಮ್ಮನಿಗೇ ಕೊಟ್ಟುಬಿಟ್ಟೆ. ಹೊಲಿಯುವ ಆಸೆಯೇ ಇಲ್ಲ ಅಂತ ಸಾರಿದೆ. ಏನು ಬೇಕು ಅಂತ ತಂಗಿ ಕೇಳಿದಾಗಲೆಲ್ಲ "ಏನೂ ಬೇಡ, ಕೂತ್ಕೋ" ಅನ್ನುತ್ತೇನೆ. ಅವಳಿಗೆ ಸಂಶಯ ಬಂದಿದೆ. ನನ್ನ ದಿಂಬಿನ ಕೆಳಗೆ ಬಿಸ್ಕತ್ತು ಹುಡುಕಿದಳು.

"ನಿನಗೆ ಮೆಟ್ಟಿಲು ಹತ್ತೋಕೆ ಕಷ್ಟ ಆಗುತ್ತಾ?" ಅಂತ ಕೇಳಿಯೇಬಿಟ್ಟೆ.

"ಮೊಣಕಾಲು."

"ಮೊಣಕಾಲು ನೋವಿಗೆ ಎದೆ ಯಾಕೆ ಒತ್ತಿಕೊಳ್ತೀಯ?"

"ಇಲ್ಲಿ ಪೇಷೆಂಟ್ ಯಾರು? ನೀನೋ ನಾನೋ?" ಅಂದಳು. ಎಕ್ಸ್‌ಚೇಂಜಿನ ದನಿಯದು. ಆ ದನಿ ಬಂದರೆ ಲೈನು ಕಟ್ಟಾದ ಹಾಗೆ.

ಮಾರ್ಚ್ 31, ಸೋಮವಾರ

ಬೆಳಿಗ್ಗೆ ಕಾಜಮ್ಮ ಯಾವ ಕೋಟನ್ನೂ ತರದೆ ಮೇಲೆ ಬಂದಳು. ತಂಗಿ ಹಿಂದಿನ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು.

"ಅಮ್ಮಾವ್ರೇ, ಹೇಳಬೇಡ ಅಂದಿದ್ದಾರೆ. ಆದ್ರೆ ಹೇಳ್ತೀನಿ. ಈಗ ತಾನೆ ಅಂಗಡೀಲಿ ತಂಗ್ಯಮ್ಮನಿಗೆ ಕಣ್ಣು ಕತ್ತಲೆ ಬಂದು ಬಟ್ಟೆ ಗಂಟಿನ ಮೇಲೇ ಕುಸಿದು ಕೂತರು. ಮುಖ ಬಿಳುಚಿಕೊಂಡಿತ್ತು. ನೀರು ಕೊಟ್ಟೆ. ಕುಡಿದು, ಗಂಟು ಸರಿಯಾಗಿ ಕಟ್ಟಿಲ್ಲ ಅಂತ ನನ್ನನ್ನೇ ಬೈದು ಎದ್ದು ಹೋದ್ರು."

ಹೇಳಿದರೆ ಕೇಳಿ ಡಾಕ್ಟರ ಹತ್ತಿರ ಬರುವವಳಲ್ಲ. ಹೊತ್ತುಕೊಂಡು ಹೋಗೋಣವೆಂದರೆ ಭಾರ ಎತ್ತಬಾರದು. ಬುಧವಾರ ನನ್ನ ತಪಾಸಣೆ ಇದೆ, ಅವಳೂ ಜೊತೆಗೆ ಬರುತ್ತಾಳೆ. ಅಲ್ಲಿಯವರೆಗೆ ಅವಳನ್ನು ಕೂಡಿಸಿಟ್ಟುಕೊಳ್ಳಬೇಕು. ಪಕ್ಕದಲ್ಲೇ ಇರು, ಒಬ್ಬಳೇ ಇದ್ದರೆ ಭಯವಾಗುತ್ತದೆ ಅಂದೆ. ಕೂಡಲೇ ಕುರ್ಚಿ ಎಳೆದುಕೊಂಡು ಕೂತಳು. ಸುಳ್ಳು ಎಷ್ಟು ಸಲೀಸಾಗಿ ಬಂತು ಅಂತ ನನಗೇ ಆಶ್ಚರ್ಯ. ಅದು ಸುಳ್ಳಲ್ಲದ್ದರಿಂದ ಇರಬಹುದು.

ಏಪ್ರಿಲ್ 2, ಬುಧವಾರ

ಹೃದಯದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನಗುಮುಖದವರು. ತಪಾಸಣೆಯ ಮಂಚದ ಮೇಲೆ ಮಲಗಲು ಹೇಳಿದರು. ನಾನು ಗೋಡೆಗೆ ಅಂಟಿಕೊಂಡು ನಿಂತೆ.

"ಒಲ್ಲೆ. ನಂಗೆ ಭಯ."

"ಎಂಥ ಭಯ? ಹೋದ ಸಲ ಸುಮ್ನೆ ಮಲಗಿದ್ಯಲ್ಲ!" ಅಂದಳು ತಂಗಿ.

"ಹೋದ ಸಲ ಅರ್ಧ ಸತ್ತಿದ್ದೆ. ಹೆದರೋಕೂ ಎಚ್ಚರ ಇರಬೇಕಲ್ಲ."

"ಬರೀ ಎದೆಬಡಿತ ಕೇಳ್ತೀನಮ್ಮಾ" ಅಂದರು ಡಾಕ್ಟರು.

"ಹಾಗಾದ್ರೆ ಮೊದಲು ಅವಳದ್ದು ಕೇಳಿ. ಅವಳಿಗೇನೂ ಆಗ್ಲಿಲ್ಲ ಅಂದ್ರೆ ನಾನೂ ಮಲಗ್ತೀನಿ."

ತಂಗಿ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. "ನೋಡಿ ಡಾಕ್ಟ್ರೇ, ಮೊಮ್ಮಕ್ಕಳು ಆಡೋ ಹಾಗೆ ಆಡ್ತಾಳೆ. ಹೂಂ, ಕೇಳಿ. ಇವಳ ನಾಟಕ ಮುಗೀಲಿ." ಧಡಕ್ಕನೆ ಮಂಚದ ಮೇಲೆ ಕೂತಳು.

ಡಾಕ್ಟರು ನಗುತ್ತಲೇ ಸ್ಟೆತಾಸ್ಕೋಪು ಇಟ್ಟರು. ತಂಗಿ ನನ್ನ ಕಡೆ ತಿರುಗಿ "ನೋಡಿದ್ಯಾ? ಕಚ್ಚುತ್ತಾ ಅದು?" ಅನ್ನುತ್ತಿದ್ದಳು.

"ಮಾತಾಡಬೇಡಿ" ಅಂದರು ಡಾಕ್ಟರು.

ನನ್ನ ತಂಗಿಗೆ ಆ ಮಾತು ಹೇಳುವ ಧೈರ್ಯ ಈವರೆಗೆ ಯಾರೂ ಮಾಡಿರಲಿಲ್ಲ. ಡಾಕ್ಟರ ನಗು ಒರೆಸಿಹೋಗಿತ್ತು. ಎದೆಯ ಬಲಕ್ಕೆ ಇಟ್ಟರು, ಎಡಕ್ಕೆ ಇಟ್ಟರು, ಕತ್ತಿನ ಪಕ್ಕಕ್ಕೂ ಇಟ್ಟರು. ಉಸಿರು ಬಿಡಿ, ಹಿಡಿದುಕೊಳ್ಳಿ ಅಂದರು. ನನ್ನ ಉಪಾಯ ಫಲಿಸಿತ್ತು, ಹಿಗ್ಗಬೇಕಾಗಿತ್ತು. ಆದರೆ ನಾನು ಗೋಡೆ ಹಿಡಿದುಕೊಂಡು, ಏನೂ ಇಲ್ಲ ಅನ್ನಲಿ, ಏನೂ ಇಲ್ಲ ಅನ್ನಲಿ, ನನ್ನನ್ನು ಮೂರ್ಖಳು ಅನ್ನಲಿ ಅಂತ ಬೇಡಿಕೊಳ್ಳುತ್ತಿದ್ದೆ.

"ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತಾ?"

"ಇಲ್ಲ" ಅಂದಳು ತಂಗಿ.

"ಕಟ್ಟುತ್ತೆ" ಅಂದೆ ನಾನು.

"ಕಣ್ಣು ಕತ್ತಲೆ ಬಂದಿತ್ತಾ?"

"ಇಲ್ಲ."

"ಬಂದಿತ್ತು. ಸೋಮವಾರ. ಬಟ್ಟೆ ಗಂಟಿನ ಮೇಲೆ ಕುಸಿದಿದ್ದಳು."

ತಂಗಿ ನಿಧಾನವಾಗಿ ನನ್ನ ಕಡೆ ತಿರುಗಿದಳು. ಹೆದರಿ ಗೋಡೆಗೆ ಅಂಟಿಕೊಂಡಿದ್ದ ಅಕ್ಕ ಯಾಕೆ ಹಾಗೆ ನಿಂತಿದ್ದಳೆಂದು ಅವಳಿಗೆ ಆಗ ತಿಳಿಯಿತು.

ಸ್ಕ್ಯಾನ್ ಮಾಡಿದರು. ಹೃದಯದಿಂದ ರಕ್ತ ಹೊರಗೆ ಹೋಗುವ ಕವಾಟ ಗಟ್ಟಿಯಾಗಿಬಿಟ್ಟಿದೆಯಂತೆ. ಬಾಗಿಲು ಪೂರ್ತಿ ತೆರೆಯುತ್ತಲೇ ಇಲ್ಲ, ಸಂದಿಯಲ್ಲಿ ರಕ್ತ ನುಸುಳುತ್ತಿದೆ. ಎದೆ ತೆರೆದು ಹೊಸ ಕವಾಟ ಕೂಡಿಸಬೇಕು. ತಡ ಮಾಡಿದರೆ ಮುಂದಿನ ಸಲ ಕುಸಿದವರು ಏಳದೇ ಇರಬಹುದು ಅಂದರು.

ತಂಗಿ ಎದ್ದು ಹೊರಟಳು. ಹಿಂದೆಯೇ ಓಡಿದೆ. ಗೇಟಿನ ಹತ್ತಿರ ನರ್ಸು ಬಂದು ನನ್ನ ತೋಳು ಹಿಡಿದರು. ಬಂದದ್ದೇ ನನ್ನ ತಪಾಸಣೆಗೆ. ಅದೇ ಮರೆತುಹೋಗಿತ್ತು.

ಏಪ್ರಿಲ್ 4, ಶುಕ್ರವಾರ

ತಂಗಿ ಮಾತು ಬಿಟ್ಟಿದ್ದಾಳೆ. ಒಂದೇ ಮೇಜಿಗೆ ಊಟಕ್ಕೆ ಕೂತು, ನಡುವೆ ಕಾಜಮ್ಮನನ್ನು ಕೂರಿಸಿಕೊಂಡು ಸಂಭಾಷಣೆ ನಡೆಯುತ್ತದೆ.

"ಕಾಜಮ್ಮಾ, ನಿಮ್ಮ ಯಜಮಾನಿಗೆ ಹೇಳಿ, ಅವರಂಥ ಮೋಸಗಾರ್ತಿ ನಾನು ನೋಡಿಲ್ಲ."

"ಕಾಜಮ್ಮಾ, ಅವಳಿಗೆ ಹೇಳು, ಆಪರೇಷನ್ ಮಾಡಿಸ್ಕೊಂಡು ಬಂದು ಬೈಲಿ."

"ಆಪರೇಷನ್ ಇಲ್ಲ ಅಂತ ಹೇಳಿ."

ಕಾಜಮ್ಮ ಎರಡೂ ಕಡೆಗೆ ತಲೆ ತಿರುಗಿಸಿ ತಿರುಗಿಸಿ ಕತ್ತು ಹಿಡಿದುಕೊಂಡು ಮನೆಗೆ ಹೋದಳು.

ಏಪ್ರಿಲ್ 8, ಮಂಗಳವಾರ

ಮುಷ್ಕರ ಹೂಡಿದ್ದೇನೆ. ಬೆಳಿಗ್ಗೆ ತಂಗಿ ಮಾತ್ರೆಗಳನ್ನು ತಟ್ಟೆಯಲ್ಲಿಟ್ಟು ಮುಂದೆ ತಳ್ಳಿದಳು. ನಾನು ವಾಪಸು ತಳ್ಳಿದೆ.

"ನೀನು ಆಪರೇಷನ್ನಿಗೆ ಒಪ್ಪೋವರೆಗೆ ನಾನು ಮಾತ್ರೆ ಮುಟ್ಟಲ್ಲ."

ಐದು ದಿನದ ಮೌನ ಅಲ್ಲಿಗೆ ಮುರಿಯಿತು. "ಹುಚ್ಚು ಹಿಡಿದಿದ್ಯಾ? ಆ ಸ್ಟೆಂಟ್ ಕಟ್ಟಿಕೊಂಡ್ರೆ?"

"ಕಟ್ಟಿಕೊಳ್ಳಲಿ. ನಿನ್ನ ಬಾಗಿಲು ಮುಚ್ಚಲಿ, ನನ್ನ ದಾರಿ ಕಟ್ಟಲಿ. ಜೊತೆಗೇ ಹೋಗೋಣ, ಕಾಜಮ್ಮ ಅಂಗಡಿ ನೋಡ್ಕೊಳ್ತಾಳೆ."

ತಂಗಿ ಬೈದಳು, ಗೋಗರೆದಳು, ತಟ್ಟೆ ಕುಕ್ಕಿದಳು. ನಾನು ಕಲ್ಲಿನ ಹಾಗೆ ಕೂತಿದ್ದೆ.

ಮಾತ್ರೆ ಬಿಡುವಷ್ಟು ಹುಚ್ಚು ನನಗೇನೂ ಇಲ್ಲ. ಡಾಕ್ಟರ ಚೀಟಿ ತೋರಿಸಿ ಕಾಜಮ್ಮನಿಂದ ಇನ್ನೊಂದು ಕಟ್ಟು ತರಿಸಿ ಹೊಲಿಗೆ ಯಂತ್ರದ ಬಾಬಿನ್ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ದಿನಕ್ಕೊಂದು ಸಲ ಅಂಗಡಿಗೆ ಇಳಿಯಲು ಡಾಕ್ಟರು ಈಗ ಒಪ್ಪಿದ್ದಾರೆ. ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ನಿಂತು ನುಂಗುತ್ತೇನೆ. ಒಂದೂ ತಪ್ಪಿಸುವುದಿಲ್ಲ. ಈಗ ನಾನು ಸತ್ತರೆ ಆ ಹಟಮಾರಿಯನ್ನು ಆಪರೇಷನ್ ಕೋಣೆಗೆ ತಳ್ಳುವವರು ಯಾರು?

ಏಪ್ರಿಲ್ 14, ಸೋಮವಾರ

ಸಿಕ್ಕಿಬಿದ್ದೆ. ಪರದೆಯ ಹಿಂದೆ ಮಾತ್ರೆ ಬಾಯಿಗೆ ಹಾಕಿಕೊಂಡಿದ್ದೆ ಅಷ್ಟೆ, ಪರದೆ ಸರ್ರನೆ ಸರಿಯಿತು.

"ಏನದು ಬಾಯಲ್ಲಿ?"

"ಗುಂಡಿ."

"ತೋರಿಸು."

"ನುಂಗಿದೆ."

ತಂಗಿ ಬಾಬಿನ್ ಡಬ್ಬಿ ನೋಡಿದಳು. ಅದರೊಳಗೆ ಕೈಯಾಡಿಸಿ, ಖಾಲಿಯಾದ ಮಾತ್ರೆ ಪಟ್ಟಿಗಳನ್ನು ಎತ್ತಿ ನೋಡಿದಳು. ಸ್ಟೂಲಿನ ಮೇಲೆ ಕೂತಳು. ಭುಜ ಅಲುಗುತ್ತಿತ್ತು. ನಗುತ್ತಿದ್ದಾಳೆ ಅಂದುಕೊಂಡು ನಾನೂ ನಕ್ಕೆ. ಆಮೇಲೆ ಗೊತ್ತಾಯಿತು, ಅವಳು ಅಳುತ್ತಿದ್ದಳು. ಕಾಜಮ್ಮ ಸದ್ದಿಲ್ಲದೆ ಅಂಗಡಿಯ ಬಾಗಿಲು ಎಳೆದುಕೊಂಡು ಹೊರಗೆ ಹೋದಳು.

"ಅವರು ಹೃದಯಾನ ನಿಲ್ಲಿಸ್ತಾರಂತೆ ಅಕ್ಕಾ. ಯಂತ್ರಕ್ಕೆ ಹಾಕ್ತಾರಂತೆ. ಕೆಲಸ ಮುಗಿದ ಮೇಲೆ ಮತ್ತೆ ಶುರು ಮಾಡ್ತಾರಂತೆ."

"ದಿನಾ ಮಾಡೋ ಕೆಲಸ ಕಣೇ ಅವರಿಗೆ."

"'ಒಂದು ನಿಮಿಷ, ಲೈನ್ ಕಟ್ ಮಾಡಿ ಮತ್ತೆ ಕೊಡ್ತೀವಿ' ಅಂತ ನಾನು ದಿನಾ ಎಷ್ಟು ಜನಕ್ಕೆ ಹೇಳ್ತಿದ್ದೆ ಗೊತ್ತಾ? ಎಷ್ಟೋ ಸಲ ಆ ಲೈನು ಮತ್ತೆ ಸಿಗ್ತಾನೇ ಇರ್ಲಿಲ್ಲ."

ಅವಳ ಪಕ್ಕ ಬಟ್ಟೆ ಗಂಟಿನ ಮೇಲೆ ಕೂತೆ.

"ನಂಗೂ ಭಯ ಕಣೇ. ಆಸ್ಪತ್ರೆಯಿಂದ ಬಂದಾಗಿಂದ. ಮಲಗಿದ್ರೆ ಏಳಲ್ಲ ಅನಿಸ್ತಿತ್ತು. ಕುರ್ಚೀಲೇ ಕೂತಿರ್ತಿದ್ದೆ."

"ಗೊತ್ತು. ಬಾಗಿಲ ಸಂದೀಲಿ ನೋಡ್ತಿದ್ದೆ."

"ಮತ್ತೆ ಬೈಲೇ ಇಲ್ಲ?"

"ಎಲ್ಲದಕ್ಕೂ ಬೈಯೋಕಾಗುತ್ತಾ?" ಸೀರೆ ಉಡದವಳಿಗೆ ಸೆರಗೆಲ್ಲಿ, ನನ್ನ ಅಳತೆ ಟೇಪಿನ ತುದಿಯಿಂದ ಕಣ್ಣು ಒರೆಸಿಕೊಳ್ಳಲು ನೋಡಿದಳು. "ಈಗ ಮಂಚದ ಮೇಲೆ ಮಲಗ್ತೀಯಲ್ಲ. ಯಾವಾಗಿಂದ?"

ಯೋಚಿಸಿದೆ. ನೆನಪಾಗಲಿಲ್ಲ. ಈಚೆಗೆ ತಲೆಯಲ್ಲಿ ಬೇರೆ ಕೆಲಸ ತುಂಬಿತ್ತು.

ತಂಗಿ ಎದ್ದು ಅಂಗಿ ಸರಿಮಾಡಿಕೊಂಡಳು. "ಆ ಡಾಕ್ಟ್ರಿಗೆ ಫೋನ್ ಮಾಡು. ನಾನು ಮನಸ್ಸು ಬದಲಾಯಿಸೋ ಮೊದ್ಲೇ ಮಾಡು."

ಏಪ್ರಿಲ್ 17, ಗುರುವಾರ

ಮಂಗಳವಾರ ಆಪರೇಷನ್. ಅಲ್ಲಿಯವರೆಗೆ ಅವಳು ದಣಿಯಬಾರದು. ಉಪ್ಪಿನ ಡಬ್ಬಿಯನ್ನು ಕಾಜಮ್ಮನ ಮನೆಗೆ ಸಾಗಿಸಿದ್ದೇನೆ. ಮೆಟ್ಟಿಲ ತಲೆಗೆ ಅಡ್ಡಲಾಗಿ ಕುರ್ಚಿ ಇಟ್ಟು ಅದರ ಮೇಲೆ ನಾನೇ ಕೂತಿದ್ದೇನೆ. ತಂಗಿ ಗೊಣಗುತ್ತಾಳೆ, ಜೈಲು ಅನ್ನುತ್ತಾಳೆ. ಕೆಲವರಿಗೆ ತಮ್ಮ ಒಳಿತು ಯಾವುದೆಂದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಅಂಥವರೊಡನೆ ಏಗುವುದು ಎಷ್ಟು ಕಷ್ಟ!

ಏಪ್ರಿಲ್ 22, ಮಂಗಳವಾರ

ಒಳಗೆ ಕರೆದುಕೊಂಡು ಹೋದರು. ಗಾಲಿಮಂಚದ ಮೇಲಿಂದ ಕೈ ಚಾಚಿ ನನ್ನ ಕಾಲರ್ ಸರಿಮಾಡಿದಳು.

ಸಂಜೆ. ಮುಗಿಯಿತಂತೆ. ಹೃದಯ ಮತ್ತೆ ಶುರುವಾಗಿದೆಯಂತೆ. ಇನ್ನೂ ಎಚ್ಚರವಾಗಿಲ್ಲ.

ಏಪ್ರಿಲ್ 24, ಗುರುವಾರ

ಬಾಯಿಯ ಕೊಳವೆ ತೆಗೆದಿದ್ದಾರೆಂದು ಇವತ್ತು ಒಳಗೆ ಬಿಟ್ಟರು. ಹಸಿರು ಗೌನು ಕೊಟ್ಟರು. ಅದರ ಹೊಲಿಗೆ ಬಹಳ ಕೆಟ್ಟದ್ದು, ಆದರೆ ಹೇಳುವ ಸಮಯವಲ್ಲ.

ತಂಗಿ ಕಣ್ಣು ತೆರೆದಿದ್ದಳು. ಮುಖ ಇಷ್ಟೇ ಇಷ್ಟಾಗಿತ್ತು. ಹತ್ತಿರ ಹೋಗಿ ಕೈ ಹಿಡಿದೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನೀವು ಯಾರು?"

"ನಾನು ಕಣೇ. ಅಕ್ಕ."

"ಯಾವ ಅಕ್ಕ? ನಂಗೆ ಅಕ್ಕ ಇಲ್ಲ."

ನರ್ಸನ್ನು ಕರೆಯಲು ತಿರುಗಿದೆ. ನನ್ನ ಬೆರಳನ್ನು ಯಾರೋ ಮೆಲ್ಲಗೆ ಅದುಮಿದ ಹಾಗಾಯಿತು. ನೋಡಿದರೆ, ಒಣಗಿದ ತುಟಿಯ ಒಂದು ಮೂಲೆ ಸ್ವಲ್ಪವೇ ಸ್ವಲ್ಪ ಮೇಲೆ ಹೋಗಿದೆ.

"ನಾಟಕ ಆಡೋಕೆ ನಿಂಗೊಬ್ಬಳಿಗೇ ಬರುತ್ತಾ?" ಅಂದಳು. ದನಿ ಪಿಸುಗುಟ್ಟುವಷ್ಟೇ ಇತ್ತು.

ಜೋರಾಗಿ ಅತ್ತುಬಿಟ್ಟೆ. ನರ್ಸು ಗಾಬರಿಯಾಗಿ ಹೃದಯದ ರೋಗಿಯೊಬ್ಬಳು ಕುಸಿಯುತ್ತಿದ್ದಾಳೆಂದು ನನ್ನನ್ನು ಪಕ್ಕದ ಮಂಚದ ಮೇಲೆ ಮಲಗಿಸಿ ಎದೆಗೆಲ್ಲ ವೈರು ಅಂಟಿಸಿದರು. ಕಾಗದದ ಮೇಲೆ ಗೆರೆ ಬಂತು. ಎಲ್ಲ ಸರಿಯಿದೆ ಅಂದರು. ಮೊದಲು ಈ ವೈರು ಕೀಳಿ, ನೋಡುವ ಸಮಯ ಮುಗಿದುಹೋಗುತ್ತದೆ ಅಂದೆ.

ಮೇ 6, ಮಂಗಳವಾರ

ತಂಗಿ ಮನೆಗೆ ಬಂದು ಕೆಲವು ದಿನವಾಯಿತು. ಬರೆಯಲು ಪುರುಸೊತ್ತಿಲ್ಲ. ಎದೆಯ ಮೂಳೆ ಕೂಡಿಕೊಳ್ಳುವವರೆಗೆ ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿ ಹಿಡಿಯಬೇಕಂತೆ. ನಾನೇ ಹೊಲಿದುಕೊಟ್ಟೆ, ವಕೀಲರ ಕೋಟಿನ ಉಳಿದ ಬಟ್ಟೆಯಲ್ಲಿ. "ಒಂದು ಮೂಲೆ ಸೊಟ್ಟ" ಅಂದಳು. ನಿಜ. ಅವಳನ್ನು ನೋಡುತ್ತಾ ಹೊಲಿದದ್ದು.

ಕೆಮ್ಮಿಗಿಂತ ನಗು ಅಪಾಯ. ನಕ್ಕರೆ ಹೊಲಿಗೆ ಜಗ್ಗಿ ಪ್ರಾಣ ಹೋಗುವಷ್ಟು ನೋವು. ಆದ್ದರಿಂದ ಡಾಕ್ಟರು ಈ ಸಲ ನನಗೇ ಬೆರಳು ತೋರಿಸಿ ಎಚ್ಚರಿಕೆ ಕೊಟ್ಟಿದ್ದಾರೆ. "ಅಮ್ಮಾ, ಇವರನ್ನ ನಗಿಸಬಾರ್ದು." ಕಾಜಮ್ಮನಿಗೂ ಹೇಳಿಟ್ಟಿದ್ದೇನೆ. ಮನೆಯಲ್ಲಿ ತಮಾಷೆ ಬಂದ್.

ಇವತ್ತು ಮಧ್ಯಾಹ್ನ ಅವಳಿಗೆ ಸೂಪು ಕುಡಿಸಲು ಕೂತೆ. ಆಜ್ಞೆಯನ್ನು ಎಳ್ಳಷ್ಟೂ ಮೀರಬಾರದೆಂದು ಹುಬ್ಬು ಗಂಟಿಕ್ಕಿ, ತುಟಿ ಬಿಗಿದು, ನ್ಯಾಯಾಧೀಶರ ಹಾಗೆ ಮುಖ ಮಾಡಿಕೊಂಡು ಚಮಚ ಎತ್ತಿದೆ. ಒಂದು ಮಾತೂ ಆಡಲಿಲ್ಲ. ತಂಗಿ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿದಳು.

"ಹಾಗೆ ಮುಖ ಮಾಡಬೇಡ."

"ಹೇಗೆ?"

"ಹಾಗೇ. ಅದೇ. ಅಯ್ಯೋ, ಬೇಡ ಅಕ್ಕಾ, ದಿಂಬು, ದಿಂಬು ಕೊಡು!"

ಕೊಟ್ಟೆ. ಸೊಟ್ಟ ಮೂಲೆಯ ಆ ದಿಂಬನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು, ನೋವಿಗೆ ಕಣ್ಣಲ್ಲಿ ನೀರು ಸುರಿಸಿಕೊಂಡು, ಬಾಯಿಗೆ ಬಂದ ಹಾಗೆ ನನ್ನನ್ನು ಬೈಯುತ್ತಾ ನಕ್ಕಳು, ನಕ್ಕಳು. ಸೂಪು ಆರಿಹೋಯಿತು. ನಾನು ಚಮಚ ಹಿಡಿದುಕೊಂಡು, ಆದಷ್ಟು ಗಂಭೀರವಾಗಿಯೇ ಕೂತಿದ್ದೆ.